ಏನೂ ಇಲ್ಲ, ನಡಿ

ರಬ್ಬರಿನ ವಾಸನೆ, ಹೊಸ ರಬ್ಬರಿನದು, ಡಬ್ಬಿ ತೆರೆದ ಕೂಡಲೇ ಭೇಟಿ ಕೋಣೆಯ ತುಂಬ ಹರಡಿತು, ಫಿನಾಯಿಲನ್ನೂ ಮೀರಿ — ಹೊಸದು ಅಂದರೆ ಹೀಗೆ ವಾಸನೆ ಬರುತ್ತದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು, ಜೈಲಿನಲ್ಲಿ ಎಲ್ಲವೂ ಯಾರೋ ತೊಟ್ಟು ಬಿಟ್ಟದ್ದು, ಯಾರೋ ಉಂಡು ತೊಳೆದಿಟ್ಟದ್ದು — ನಾದಿನಿ ನೆಲದ ಮೇಲೆ ಮಂಡಿಯೂರಿ ಮಗುವಿನ ಕಾಲಿಗೆ ಬೂಟು ಹಾಕುತ್ತಿದ್ದಾಳೆ, ನೀಲಿ ಬೂಟು, ಹಿಮ್ಮಡಿಯಲ್ಲಿ ಕೆಂಪು ದೀಪ, ಕಾಲೂರಿದರೆ ಮಿನುಗುತ್ತದೆ, ಮಗು ಒಮ್ಮೆ ಕುಣಿದು ನೋಡಿತು, ಮಿನುಗಿತು, ಇನ್ನೊಮ್ಮೆ ಕುಣಿಯಿತು, ಬೂಟು ಜಾರಲಿಲ್ಲ, ಕಚ್ಚಲಿಲ್ಲ, ಅಳೆದು ಹೊಲಿಸಿದ ಹಾಗೆ ಕೂತಿತ್ತು, ಅವಳಿಗೆ ಚುಚ್ಚಿದ್ದು ಅದೇ. ಅಳತೆ ಹೇಗೆ ಗೊತ್ತಾಯಿತು ಇವಳಿಗೆ? ಹುಟ್ಟಿದಾಗಿನಿಂದ ಬರಿಗಾಲಲ್ಲೇ ಓಡಾಡಿದ ಮಗು, ಹೆತ್ತವಳಿಗೇ ಆ ಕಾಲಿನ ನಂಬರು ಗೊತ್ತಿಲ್ಲ, ಆಗೊಮ್ಮೆ ಈಗೊಮ್ಮೆ ಬಂದು ಮೇಜಿನಾಚೆ ಕೂತು ಹೋಗುವವಳಿಗೆ ಗೊತ್ತು ಅಂದರೆ ಒಳಗಿನವರು ಯಾರೋ ಹೇಳಿದ್ದಾರೆ, ಗೇಟಿನ ಮೇಡಂ ಹೇಳಿರಬೇಕು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಬೀಗದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಏನೂ ಕೇಳಿಸದವಳ ಹಾಗೆ ಕೂತಿದ್ದಾಳಲ್ಲ, ಅವಳೇ, ಬೆಂಕಿಯಿಲ್ಲದೆ ಹೊಗೆಯಾಡುವುದುಂಟೇ. ಸರಿಯಾಯ್ತಲ್ಲ ಅತ್ತಿಗೆ, ಅಂದಳು ನಾದಿನಿ ತಲೆಯೆತ್ತದೆ, ಹೋದ ಸಲ ಬಂದಾಗ ನನ್ನ ಕೈ ಮೇಲೆ ಕಾಲಿಟ್ಟು ಆಡ್ತಿತ್ತಲ್ಲ, ನನ್ನ ಗೇಣಿಗೆ ಒಂದು ಬೆರಳು ಕಮ್ಮಿ, ಅಂಗಡಿಯವನಿಗೆ ಅದನ್ನೇ ತೋರಿಸ್ದೆ. ನೋಡಿದಿರಾ! ಗೇಣು ಹಾಕಿ ಅಳೆದಿದ್ದಾಳೆ, ಆಡಿಸುವ ನೆಪದಲ್ಲಿ ಅಳೆದಿದ್ದಾಳೆ, ಸಂತೆಯಲ್ಲಿ ಕರುವಿನ ಹಲ್ಲು ಹಿಡಿದು ನೋಡುವವರ ಹಾಗೆ, ಆಗಲೇ ಲೆಕ್ಕಾಚಾರ ಇತ್ತು ಅಂತಾಯಿತು, ಮಗುವಿಗೆ ಆರು ತುಂಬಿದರೆ ತಾಯಿಯ ಜೊತೆ ಇಡುವ ಹಾಗಿಲ್ಲ, ಸಂಬಂಧದವರು ಬಂದರೆ ಸಂಬಂಧದವರಿಗೆ, ಬಾರದಿದ್ದರೆ ಅನಾಥರ ಮನೆಗೆ, ಇದು ಕಾನೂನು, ಅದಕ್ಕೆ ಹೊಂಚು ಹಾಕಿಕೊಂಡು ಕೂತಿದ್ದಳು ಇವಳು, ಬೆಳ್ಳಗಿರುವುದೆಲ್ಲ ಹಾಲಲ್ಲ. ಮಗು ಮೂರನೆಯ ಸಲ ಕುಣಿದು, ಅಮ್ಮಾ ನೋಡು ಕಾಲಲ್ಲಿ ಲೈಟು, ಅಂದಿತು. ನೋಡಿದೆ ಕಂದಾ, ಅಂದಳು.

ನಾದಿನಿ ಯಾಕೆ ಬಂದಳು ಅನ್ನುವುದೇ ಅವಳಿಗೆ ಬಗೆಹರಿಯದ ಮಾತು, ಸೊಂಟದಲ್ಲಿ ಹುಣ್ಣೆದ್ದ ಹಾಗೆ ಯಾವ ಮಗ್ಗುಲಿಗೆ ತಿರುಗಿದರೂ ಅದೇ — ಸತ್ತವನು ಇವಳ ಒಡಹುಟ್ಟಿದ ಅಣ್ಣ, ಅವಳ ಗಂಡ, ಸಾಯಿಸಿದವಳು ಅವಳೇ, ಇಸ್ತ್ರಿ ಪೆಟ್ಟಿಗೆಯಲ್ಲಿ, ಹೊಲಿಗೆ ಅಂಗಡಿಯ ದೊಡ್ಡ ಪೆಟ್ಟಿಗೆ, ಎತ್ತಲು ಎರಡು ಕೈ ಬೇಕಾದದ್ದು, ಅವತ್ತು ಒಂದೇ ಕೈಯಲ್ಲಿ ಹೇಗೆ ಎದ್ದಿತೋ, ಅವನ ಬೆಲ್ಟು ಇನ್ನೊಂದು ಸಲ ಬೀಸುವ ಮೊದಲು — ಹೊಟ್ಟೆಗೆ ಬೀಳುತ್ತಿತ್ತು ಅದು, ಹೊಟ್ಟೆಯಲ್ಲಿ ಈ ಮಗು ಇತ್ತು, ಮೂರೇ ತಿಂಗಳಿನದು, ಅವನಿಗೆ ಹೇಳಿರಲಿಲ್ಲ, ಹೇಳಿದ್ದರೆ ನಿಲ್ಲಿಸುತ್ತಿದ್ದನೇನೋ, ಎಲ್ಲಿಯ ನಿಲ್ಲಿಸುವುದು — ಆಗ ಬಾಗಿಲಲ್ಲಿ ನಾದಿನಿ ನಿಂತಿದ್ದಳು, ಕೈಯಲ್ಲಿ ಹಾಲಿನ ಪಾತ್ರೆ, ಚೆಲ್ಲಲಿಲ್ಲ, ಮೆಲ್ಲಗೆ ನೆಲದ ಮೇಲಿಟ್ಟು ಬಂದು ಅಣ್ಣನ ತಲೆಯನ್ನು ಹಿಡಿದುಕೊಂಡಳು. ಆಮೇಲೆ ಕೋರ್ಟಿನಲ್ಲಿ ನಿಂತು ಹೇಳಿದಳು, ಹೌದು ಸ್ವಾಮಿ, ಅಣ್ಣ ದಿನಾ ಹೊಡೀತಿದ್ದ, ನಾನು ಕಣ್ಣಾರೆ ನೋಡಿದೀನಿ. ನೆಂಟರೆಲ್ಲ ಹಲ್ಲು ಕಡಿದರು, ಮನೆಮುರುಕಿ ಅಂದರು. ಅದೇ ಉಸಿರಿನಲ್ಲಿ ಇದನ್ನೂ ಹೇಳಿದಳು, ಹೌದು ಸ್ವಾಮಿ, ಅತ್ತಿಗೆ ಎರಡನೇ ಸಲ ಹೊಡೆದಾಗ ಅಣ್ಣ ಆಗಲೇ ಕೆಳಗೆ ಬಿದ್ದಿದ್ದ. ವಕೀಲ ತಲೆ ಚಚ್ಚಿಕೊಂಡ, ಆ ಎರಡನೇ ಏಟಿಗೇ ಇಷ್ಟು ವರ್ಷ ಶಿಕ್ಷೆ ಬಿದ್ದದ್ದು, ಮೊದಲನೆಯದಕ್ಕಾದರೆ ಬಿಟ್ಟೇಬಿಡುತ್ತಿದ್ದರಂತೆ. ಸುಳ್ಳು ಹೇಳು ಅಂತ ಯಾರೂ ಕೇಳಿರಲಿಲ್ಲ, ಸುಮ್ಮನಿದ್ದಿದ್ದರೆ ಸಾಕಿತ್ತು, ಆದರೆ ಈ ನಾದಿನಿಯ ಬಾಯಿಗೆ ಸುಮ್ಮನಿರುವುದು ಬರುವುದಿಲ್ಲ, ಸುಳ್ಳಂತೂ ಮೊದಲೇ ಬರುವುದಿಲ್ಲ, ಹುಟ್ಟುಗುಣ ಸುಟ್ಟರೂ ಹೋಗದು. ನಾಳೆ ಮಗು ಕೇಳುತ್ತದೆ, ಅತ್ತೇ, ನನ್ನಪ್ಪ ಹೇಗೆ ಸತ್ತ, ಕೇಳದೆ ಇರುತ್ತದೆಯೇ, ಶಾಲೆಗೆ ಹೋದ ಮೊದಲ ವಾರವೇ ಯಾರಾದರೂ ಕೇಳಿಸುತ್ತಾರೆ, ಆಗ ಇವಳು ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು ಹೇಳುತ್ತಾಳೆ, ಒಂದನೇ ಏಟೂ ಹೇಳುತ್ತಾಳೆ, ಎರಡನೆಯದೂ ಹೇಳುತ್ತಾಳೆ. ಕದಿಯುವವರಿಂದ ಮಗುವನ್ನು ಕಾಪಾಡಬಹುದು, ಹೊಡೆಯುವವರಿಂದಲೂ ಕಾಪಾಡಬಹುದು, ನಿಜ ಹೇಳುವವಳಿಂದ ಹೇಗೆ ಕಾಪಾಡುವುದು. ಅನಾಥರ ಮನೆಗೇ ಕಳಿಸುತ್ತೇನೆ ಅಂದಿದ್ದಳು ಮೊದಲು, ಬ್ಯಾರಕ್ಕಿನ ಕೊನೆಯ ಹಾಸಿಗೆಯ ಅಜ್ಜಿ ಬೈದಳು, ನಿನ್ನ ತಲೆಗೆ ಏನಾದ್ರೂ ಹೊಡೆದಿದೆಯಾ, ರಕ್ತಸಂಬಂಧ ಬಾಗಿಲಿಗೆ ಬಂದು ಕೂತಿರೋವಾಗ. ರಕ್ತಸಂಬಂಧ! ರಕ್ತ ಯಾರದು, ಅವನದು. ಹತ್ತು ವರ್ಷದ ಸಂಸಾರದಲ್ಲಿ ಇವಳಿಗೆ ಮಕ್ಕಳಿಲ್ಲ, ಅದೂ ಒಂದಿದೆಯಲ್ಲ, ಬಂಜೆ ಅಂತ ಬಾಯಿಬಿಟ್ಟು ಹೇಳಬಾರದು, ಆದರೆ ಮನಸ್ಸು ಕೇಳುತ್ತದೆಯೇ, ಅಣ್ಣನ ಸೇಡಿಗೆ ಸೇಡೂ ಆಯಿತು, ಬರಿದಾದ ಮಡಿಲಿಗೆ ಮಗುವೂ ಆಯಿತು, ಒಂದೇ ಕಲ್ಲಿಗೆ ಎರಡು ಹಕ್ಕಿ. ನಾದಿನಿ ಬೂಟಿನ ದಾರ ಕಟ್ಟುತ್ತಿದ್ದಾಳೆ, ಬಿಗಿಯಾಯ್ತಾ ಕಂದಾ ಅನ್ನುತ್ತಿದ್ದಾಳೆ, ಎರಡು ಸುತ್ತು ಹಾಕಿ ಕಟ್ಟುತ್ತಾಳೆ, ಬಿಚ್ಚಿಹೋಗದ ಹಾಗೆ.

ಆದರೆ ಅವಳೂ ಸುಮ್ಮನೆ ಕೂತಿರಲಿಲ್ಲ, ಇವಳು ಚಾಪೆಯ ಕೆಳಗೆ ತೂರಿದರೆ ಅವಳು ರಂಗೋಲಿಯ ಕೆಳಗೆ ತೂರಿದ್ದಳು, ನಾದಿನಿ ಹೋದ ಸಲ ಬಂದು ಕೂತು, ಅತ್ತಿಗೆ ಮಗೂಗೆ ಏನೇನು ಅಭ್ಯಾಸ ಹೇಳಿಬಿಡಿ, ಏನು ತಿನ್ನುತ್ತೆ, ಯಾವುದಕ್ಕೆ ಹೆದರುತ್ತೆ, ಅಂದಾಗ ಅವಳು ಅಂದದ್ದು ಒಂದೇ ಮಾತು, ಎಲ್ಲಾ ಮಕ್ಕಳ ಹಾಗೇ, ಹೊಸದೇನಿಲ್ಲ. ಎಲ್ಲಾ ಮಕ್ಕಳ ಹಾಗಂತೆ! ಹುಟ್ಟಿದಾಗಿನಿಂದ ಕತ್ತಲು ನೋಡದ ಮಗು, ಬ್ಯಾರಕ್ಕಿನ ದೀಪ ಆರಿಸುವ ಪದ್ಧತಿಯೇ ಇಲ್ಲ, ನಾದಿನಿಯ ಮನೆಯಲ್ಲಿ ಸ್ವಿಚ್ ಒತ್ತಿದ ಕೂಡಲೇ ಕಣ್ಣು ಹೋಯಿತು ಅಂತ ಕಿರುಚಿಕೊಳ್ಳುತ್ತದೆ, ಹೇಳಲಿಲ್ಲ. ಗಂಡಸು ಅಂದರೆ ಅದಕ್ಕೆ ಡಾಕ್ಟರು ಒಬ್ಬನೇ, ಮೀಸೆ ಕಂಡರೆ ಸೂಜಿ ಅಂತ ತೋಳು ಮುಚ್ಚಿಕೊಳ್ಳುತ್ತದೆ, ನಾದಿನಿಯ ಗಂಡನಿಗೆ ಇಷ್ಟುದ್ದ ಮೀಸೆ, ಹೇಳಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಬಾಗಿಲು, ಅದನ್ನಂತೂ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡಿದ್ದಳು. ಮಗು ನಡೆಯಲು ಕಲಿತದ್ದೇ ತಲೆಯೆಣಿಕೆಯ ಸಾಲಿನಲ್ಲಿ, ಮೇಡಂ ಹಿಂದೆ ತಾನೂ ಬೆರಳು ತೋರಿಸುತ್ತ ಒಂದು ಎರಡು ಏಳು ಅಂತ ಎಣಿಸಿಕೊಂಡು ಹೋಗುತ್ತಿತ್ತು, ಹೆಂಗಸರೆಲ್ಲ ಅದಕ್ಕೆ ಚಿಕ್ಕ ಮೇಡಂ ಅಂತಲೇ ಹೆಸರಿಟ್ಟರು, ಚಿಕ್ಕ ಮೇಡಂ ಬಂದ್ರು ಎದ್ದೇಳ್ರೇ, ಚಿಕ್ಕ ಮೇಡಂ ನನಗೆ ಯಾವಾಗ ಬಿಡುಗಡೆ, ನಾಳೆ, ಅನ್ನುತ್ತಿತ್ತು ಮಗು ಸೊಂಟದ ಮೇಲೆ ಕೈಯಿಟ್ಟು, ಎಲ್ಲರಿಗೂ ನಾಳೆ. ಅಂಗಳದಾಚೆಯ ಶಿಶುವಿಹಾರಕ್ಕೆ ಹೋಗುವಾಗ ಒಳಗೇಟಿನಲ್ಲಿ ತಾಯಂದಿರನ್ನು ತಡವಿ ನೋಡುತ್ತಾರಲ್ಲ, ಭುಜ ಕಂಕುಳು ಸೊಂಟ ಕಾಲು, ಅದನ್ನು ನೋಡಿ ಮಗುವೂ ಒಂದು ದಿನ ಎರಡೂ ಕೈ ಚಾಚಿ ನಿಂತಿತು, ಗೇಟಿನ ಮೇಡಂ ನಕ್ಕು, ಏನಿದೆಯೇ ನಿನ್ನ ಹತ್ರ ಕಳ್ಳೀ, ಅಂತ ತಡವಿದಳು, ಏನೂ ಇಲ್ಲ, ನಡಿ, ಅಂದಳು. ಅಷ್ಟೇ, ಆವತ್ತಿನಿಂದ ಅದು ನಿಯಮವಾಯಿತು, ಚಿಕ್ಕ ಮೇಡಂ ಮಾಡಿದ ಕಾನೂನು, ಯಾರಾದರೂ ತಡವಿ ಏನೂ ಇಲ್ಲ ನಡಿ ಅನ್ನದೆ ಯಾವ ಹೊಸಿಲನ್ನೂ ದಾಟುವುದಿಲ್ಲ, ಬಚ್ಚಲಿನದೂ ಅಷ್ಟೇ, ಅಡುಗೆಮನೆಯದೂ ಅಷ್ಟೇ, ಬಾಗಿಲು ಹಾರುಹೊಡೆದಿದ್ದರೂ ಎದುರಿಗೆ ಕೈ ಚಾಚಿ ನಿಂತೇ ಇರುತ್ತದೆ, ಒಂದು ಸಲ ಆಟದ ಮನೆಗೆ ಸೋಪಿನ ಡಬ್ಬಿಯ ಬಾಗಿಲು ಮಾಡಿ ಅದರ ಮುಂದೆಯೂ ನಿಂತಿತ್ತು, ನಗೆಯೋ ನಗೆ, ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ಗೋಡೆಯ ಕಡೆ ತಿರುಗಿ ಮಲಗಿದರು. ಹೇಳಿಬಿಡೇ ಆ ಹುಡುಗೀಗೆ, ಅಂದಿದ್ದಳು ಅಜ್ಜಿ ನಿನ್ನೆ ಕೂಡ, ಒದ್ದಾಡೋದು ಅವಳಲ್ಲ, ಮಗು. ಅಜ್ಜಿಗೇಕೆ ಇಷ್ಟು ಕಾಳಜಿ, ಅಜ್ಜಿಗೆ ನಾದಿನಿ ಕಳೆದ ಸಲ ಸ್ವೆಟರು ತಂದುಕೊಟ್ಟಿರಲಿಲ್ಲವೇ. ಹೇಳುವುದಿಲ್ಲ, ಒದ್ದಾಡಲಿ, ಹಟ ಹಿಡಿಯಲಿ, ಈ ಮಗು ನಿಮ್ಮಿಂದಲೇ ಆಗಬೇಕು ಅತ್ತಿಗೆ ನಮ್ಮ ಕೈಲಾಗಲ್ಲ ಅಂತ ವಾರಕ್ಕೊಮ್ಮೆ ಕರೆದುಕೊಂಡು ಬರಲಿ ಈ ಮೇಜಿಗೆ, ನನಗೆ ಗೊತ್ತಿರುವ ಮಗು ನನಗೇ ಗೊತ್ತಿರಲಿ, ಅಷ್ಟಾದರೂ ನನ್ನದಾಗಿರಲಿ. ಗೆದ್ದೆ ಅಂದುಕೊಂಡಿದ್ದಳು, ಆಗ.

ಇನ್ನೊಂದು ಉಳಿದಿತ್ತು, ಆರು ವರ್ಷದಿಂದ ಎದೆಯೊಳಗೆ ಕೂತದ್ದು, ಕೇಳಿದರೆ ಇವತ್ತೇ ಕೇಳಬೇಕು, ಇವತ್ತು ಬಿಟ್ಟರೆ ಯಾರನ್ನು ಕೇಳುವುದು — ಹೆರಿಗೆಗೆ ಆಸ್ಪತ್ರೆಗೆ ಒಯ್ದಿದ್ದರು, ಎಡಗಾಲಿಗೆ ಸರಪಳಿ, ಸರಪಳಿಯ ಇನ್ನೊಂದು ತುದಿ ಮಂಚದ ಕಾಲಿಗೆ, ನೋವು ಬಂದಾಗಲೆಲ್ಲ ಮಂಚವೇ ಅಲುಗುತ್ತಿತ್ತು, ನರ್ಸು ಅಂದಳು, ಇಷ್ಟೊಂದು ಆಡಬೇಡ, ಎಲ್ಲರೂ ಹೆರ್ತಾರೆ, ಇನ್ಯಾರೋ ಅಂದರು, ಇವಳಿಗ್ಯಾಕೆ ಬೇಕಿತ್ತು ಮಗು, ಆಮೇಲೆ ಮೂಗಿಗೆ ಏನೋ ಹಿಡಿದರು, ಕೊಯ್ದೇ ತೆಗೆಯಬೇಕು ಅಂದದ್ದು ಕೇಳಿಸಿತು, ಮತ್ತೆ ಕಣ್ಣು ಬಿಟ್ಟಾಗ ಹೊಟ್ಟೆಯ ಮೇಲೆ ಪಟ್ಟಿ, ಬಲಗೈ ಹೆಬ್ಬೆರಳಿನಲ್ಲಿ ನೀಲಿ ಶಾಯಿ. ಅವಳಿಗೆ ಸಹಿ ಮಾಡಲು ಬರುತ್ತದೆ, ಅಂಗಡಿಯ ರಸೀದಿಗೆಲ್ಲ ಅವಳೇ ಸಹಿ ಹಾಕುತ್ತಿದ್ದದ್ದು, ಕೊಂಬು ದೀರ್ಘ ಎಲ್ಲ ಸರಿಯಾಗಿ, ಹೆಬ್ಬೆಟ್ಟು ಯಾತಕ್ಕೆ? ಯಾರು ಒತ್ತಿಸಿದರು, ಯಾವುದರ ಮೇಲೆ? ಏನೂ ಇಲ್ಲಮ್ಮ, ಸುಮ್ನೆ ಆಸ್ಪತ್ರೆ ಪದ್ಧತಿ, ಅಂದರು. ಶಾಯಿ ತಿಕ್ಕಿ ತಿಕ್ಕಿ ತೊಳೆದಳು, ಉಗುರಿನ ಸಂದಿಯಲ್ಲಿ ಬಹಳ ದಿನ ಉಳಿದಿತ್ತು, ಹಾಲು ಕುಡಿಸುವಾಗ ಮಗುವಿನ ಕೆನ್ನೆಯ ಪಕ್ಕದಲ್ಲೇ ಕಾಣುತ್ತಿತ್ತು. ಆಮೇಲೆ ಬ್ಯಾರಕ್ಕಿನಲ್ಲಿ ಒಬ್ಬಳು ಹೇಳಿದಳು, ನಮ್ಮಂಥವರಿಗೆ ಕೊಯ್ದಾಗಲೇ ಅದನ್ನೂ ಮುಗಿಸಿಬಿಡ್ತಾರಂತೆ ಕಣೇ, ಇನ್ನು ಮಕ್ಕಳಾಗದ ಹಾಗೆ. ಅಂತೆಯೋ ಕಂತೆಯೋ, ಯಾರಿಗೆ ಗೊತ್ತು, ತಿಂಗಳು ತಿಂಗಳು ಮುಟ್ಟಾಗುತ್ತದೆ, ಹೊಟ್ಟೆಯ ಮೇಲಿನ ಗೆರೆ ಒಂದೇ, ಮೇಲಿನ ಹೊಲಿಗೆ ನೋಡಿ ಒಳಗಿನ ಅಸ್ತರು ಹೇಳಲಾಗುತ್ತದೆಯೇ. ಆಸ್ಪತ್ರೆಯಲ್ಲಿ ನಾದಿನಿ ಇದ್ದಳು, ಮಗುವನ್ನು ಮೊದಲು ಎತ್ತಿಕೊಂಡದ್ದೇ ಇವಳು, ತಾಯಿಗಿಂತ ಮೊದಲು, ಅದನ್ನೂ ಅವಳು ಮರೆತಿಲ್ಲ, ಮತ್ತು ಅನುಮಾನ ಅಲ್ಲಿಗೇ ಹೋಗಿ ಹೋಗಿ ನಿಲ್ಲುತ್ತಿತ್ತು, ಸಾಕು ಮಾಡಿಬಿಡಿ ಡಾಕ್ಟ್ರೇ ಅಂತ ಅಂದವಳು ಇವಳೇ ಇರಬೇಕು, ಅಣ್ಣನನ್ನು ಕೊಂದವಳಿಗೆ ಒಂದಕ್ಕಿಂತ ಹೆಚ್ಚು ಯಾಕೆ ಅಂತ, ತನಗೇ ಇಲ್ಲ ಅಂದಮೇಲೆ ಯಾರಿಗೂ ಬೇಡ ಅಂತ. ಟೈಮಾಯ್ತು, ಅಂದಳು ಗೇಟಿನ ಮೇಡಂ ಕುರ್ಚಿಯಿಂದ ಏಳುತ್ತ. ಅವಳು ನಾದಿನಿಯ ಮಣಿಕಟ್ಟು ಹಿಡಿದಳು. ಆವತ್ತು ಆಸ್ಪತ್ರೇಲಿ ನೀನಿದ್ದೆ, ನಿಜ ಹೇಳು, ನನಗೆ ಆಪರೇಷನ್ ಮಾಡಿದ್ರಾ. ನಾದಿನಿ ಬೂಟಿನ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಮಾಡಿದ್ರು ಅತ್ತಿಗೆ. ನಿಮಗೆ ಪ್ರಜ್ಞೆ ಇರಲಿಲ್ಲ, ನರ್ಸು ನಿಮ್ಮ ಬೆರಳು ಹಿಡಿದು ಒತ್ತಿಸ್ತಿದ್ಲು, ಬಾಗಿಲ ಕಿಂಡೀಲಿ ನೋಡ್ದೆ, ಬೇಡ, ಎದ್ದಮೇಲೆ ಅವರನ್ನೇ ಕೇಳಿ ಅಂತ ಕೂಗಿದೆ, ನೀನ್ಯಾರು ಅಂದ್ರು, ಸತ್ತವನ ತಂಗಿ ಅಂದೆ, ನಕ್ಕರು ಅತ್ತಿಗೆ, ಹಾಗಾದ್ರೆ ನಿಂಗೇನು ಕಷ್ಟ ಅಂತ ನಕ್ಕು, ಮಗು ತಂದು ಕೈಗೆ ಕೊಟ್ಟು ಬಾಗಿಲು ಹಾಕಿದ್ರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ? ನೀವು ಕೇಳಲಿಲ್ಲ. ಇಷ್ಟು ವರ್ಷ ಬಂದಾಗೆಲ್ಲ ನೀವು ನನ್ನ ಕೈಯನ್ನೇ ನೋಡ್ತಿದ್ರಿ, ಮುಖ ನೋಡಿ ಒಂದು ಮಾತು ಕೇಳಲಿಲ್ಲ.

ನಂಬಬೇಕೋ ಬೇಡವೋ — ಆದರೆ ಇವಳಿಗೆ ಸುಳ್ಳು ಬರುವುದಿಲ್ಲ, ಬಂದಿದ್ದರೆ ಕೋರ್ಟಿನಲ್ಲಿ ಬರುತ್ತಿತ್ತು, ಅಣ್ಣನ ಪರವಾಗಿಯಾದರೂ ಬರುತ್ತಿತ್ತು, ಹಾಗಾದರೆ ನಿಜ, ಹಾಗಾದರೆ ಈ ನೀಲಿ ಬೂಟಿನದು ಒಂದೇ, ಮುಂದೆ ಇನ್ನೊಂದಿಲ್ಲ, ಹೊರಗೆ ಹೋದಮೇಲೆ ನೋಡೋಣ ಅಂತ ಒಮ್ಮೊಮ್ಮೆ ಯಾರಿಗೂ ಗೊತ್ತಾಗದ ಹಾಗೆ ಅಂದುಕೊಳ್ಳುತ್ತಿದ್ದದ್ದು ಕೂಡ ಇಲ್ಲ, ಇದೊಂದೇ ಮಗು, ಆ ಮಗು ಆಗಲೇ ನಾದಿನಿಯ ಬೆರಳು ಹಿಡಿದು ಎದ್ದು ನಿಂತಿದೆ, ಬೆನ್ನಿಗೆ ಚೀಲ, ಚೀಲದಲ್ಲಿ ಅವಳೇ ಹೊಲಿಗೆ ಕೋಣೆಯಲ್ಲಿ ಹೊಲಿದ ಎರಡು ಫ್ರಾಕು. ಮುತ್ತಿಟ್ಟಳು, ನೆತ್ತಿಗೆ, ಕಿವಿಗೆ, ಮಗು ಕೊಸರಿಕೊಂಡಿತು, ಬೂಟಿನ ಕಡೆಗೇ ಗಮನ, ಅಮ್ಮಾ ನೀನು ನಾಳೆ ಬಾ, ಅಂದಿತು, ಎಲ್ಲರಿಗೂ ಹೇಳುವ ಹಾಗೆ. ಒಳಗೇಟಿನಲ್ಲಿ ಕೈ ಚಾಚಿ ನಿಂತಿತು, ಗೇಟಿನ ಮೇಡಂ ಬಗ್ಗಿ ತಡವಿದಳು, ಭುಜ ಕಂಕುಳು ಸೊಂಟ, ಬೂಟಿನ ಮೇಲೆ ಕೈ ಸ್ವಲ್ಪ ಹೊತ್ತು ನಿಂತಿತು, ಏನೂ ಇಲ್ಲ, ನಡಿ, ಅಂದಳು, ಮಗುವಿನ ಚೀಲದ ಪಟ್ಟಿ ಸರಿಮಾಡಿದಳು, ಬೀಗದ ಕೈಗಳವಳಿಗೂ ಅಕ್ಕರೆಯುಂಟೇ, ನಾಟಕವಿರಬೇಕು, ಇರಲಿಕ್ಕಿಲ್ಲ. ಕೈದಿಗಳು ಇಲ್ಲಿಂದ ಮುಂದೆ ಹೋಗುವ ಹಾಗಿಲ್ಲ. ಅವಳು ಸರಳು ಹಿಡಿದು ನಿಂತಳು, ಆಚೆ ಉದ್ದನೆಯ ಓಣಿ, ಓಣಿಯ ಕೊನೆಗೆ ಹೊರಗೇಟು, ದೊಡ್ಡ ಬಾಗಿಲಿನೊಳಗೊಂದು ಚಿಕ್ಕ ಬಾಗಿಲು, ಹೆಜ್ಜೆ ಹೆಜ್ಜೆಗೂ ಕೆಂಪು ದೀಪ ಮಿನುಗುತ್ತ ಹೋಯಿತು, ಹೊರಗೇಟಿನ ಕಾವಲುಗಾರ ಚಿಕ್ಕ ಬಾಗಿಲು ಎಳೆದು ತೆರೆದ, ಬಿಸಿಲು ಬಿಳಿಯಾಗಿ ಒಳಗೆ ಬಿತ್ತು, ನಾದಿನಿ ಒಂದು ಕಾಲು ಆಚೆ ಇಟ್ಟಳು, ಮಗು ನಿಂತಿತು. ಎರಡೂ ಕೈ ಚಾಚಿ. ಬಾ ಪುಟ್ಟಾ, ಅಂದಳು ನಾದಿನಿ. ಮಗು ನಿಂತೇ ಇತ್ತು. ಕಾವಲುಗಾರ ನಗುತ್ತಿದ್ದಾನೆ, ಏನಮ್ಮಾ ವಿಮಾನ ಹಾರಿಸ್ತಿದೀಯಾ, ಓಣಿಯಲ್ಲಿ ಅವನ ಮಾತು ಖಾಲಿ ಕೊಡ ಉರುಳಿದ ಹಾಗೆ ಗಡಗಡ ಕೇಳಿಸುತ್ತದೆ, ನಾದಿನಿ ಒಂದು ಕೈ ಹಿಡಿದು ಎಳೆದಳು, ಮಗು ಕೈ ಬಿಡಿಸಿಕೊಂಡು ಮತ್ತೆ ಚಾಚಿತು, ಅದಕ್ಕೆ ಕಾವಲುಗಾರನ ಮೀಸೆ ಕಂಡಿರಬೇಕು, ಒಂದು ಹೆಜ್ಜೆ ಹಿಂದೆ ಸರಿಯಿತು, ಆದರೆ ತೋಳು ಮುಚ್ಚಿಕೊಳ್ಳುತ್ತಿಲ್ಲ, ನಿಯಮ ನಿಯಮ, ಹೊಸಿಲು ದಾಟುವುದಿಲ್ಲ — ಇದೇ ಅಲ್ಲವೇ ತಾನು ಬಯಸಿದ್ದು, ಈ ಹಟವೇ, ಹೀಗೇ ನಿಂತಿರಲಿ, ಸಂಜೆವರೆಗೆ ನಿಂತಿರಲಿ, ಆಗಲ್ಲಮ್ಮ ವಾಪಸ್ ಕರ್ಕೊಂಡ್ಹೋಗಿ ಅನ್ನುವವರೆಗೆ ನಿಂತಿರಲಿ, ಅಂದುಕೊಂಡಳು, ನಿಜವಾಗಿ ಅಂದುಕೊಂಡಳು, ಆದರೆ ಮಗುವಿನ ಕತ್ತು ಹಿಂದಕ್ಕೆ ತಿರುಗಿತು, ಅಷ್ಟು ದೂರದಿಂದ, ಅಮ್ಮನ ಕಡೆಗೆ, ಕೈ ಚಾಚಿಕೊಂಡೇ, ನಾನೇನು ತಪ್ಪು ಮಾಡಿದೆ ಅನ್ನುವ ಹಾಗೆ. ತಡವಿ ನೋಡೇ! ಕೂಗಿದ್ದು ತಾನೇ ಅಂತ ಅವಳಿಗೆ ತಡವಾಗಿ ತಿಳಿಯಿತು, ಮೈ ತಡವಿ ನೋಡು ಅದನ್ನ, ಭುಜ, ಕಂಕುಳು, ಸೊಂಟ, ಏನೂ ಇಲ್ಲ ನಡಿ ಅನ್ನು, ಹಾಗಂದ್ರೇನೇ ಹೋಗೋದು, ಪ್ರತಿ ಬಾಗಿಲಿಗೂ ಅನ್ನಬೇಕು, ನಿಮ್ಮನೇಲೂ ಅನ್ನಬೇಕು, ರಾತ್ರಿ ದೀಪ ಆರಿಸಬೇಡ, ನಿನ್ನ ಗಂಡನಿಗೆ ಹೇಳು ಮೊದಲು ದೂರ ನಿಂತ್ಕೊಂಡು ಮಾತಾಡಿಸೋಕೆ, ಕೇಳಿಸ್ತಾ, ಕೇಳಿಸ್ತೇನೇ, ಗೇಟಿನ ಮೇಡಂ ತೋಳು ಹಿಡಿದಳು, ಎಳೆಯಲಿಲ್ಲ, ಹಿಡಿದಳು ಅಷ್ಟೇ.

ಕೇಳಿಸಿರಬೇಕು, ನಾದಿನಿ ಆಚೆಯಿಟ್ಟ ಕಾಲನ್ನು ಈಚೆ ತಂದಳು, ಬಿಸಿಲಿಗೆ ಬೆನ್ನು ಹಾಕಿ ಮಗುವಿನ ಮುಂದೆ ಮಂಡಿಯೂರಿದಳು, ಭುಜ ಮುಟ್ಟಿದಳು, ಕಂಕುಳು, ಸೊಂಟ, ಬೂಟು, ತಪ್ಪಿಲ್ಲದೆ, ನಿಧಾನವಾಗಿ, ಆವತ್ತು ಪಾತ್ರೆ ಕೆಳಗಿಟ್ಟ ಹಾಗೇ, ತುಟಿ ಅಲುಗಿತು, ಮಗು ಕೈ ಇಳಿಸಿತು, ಹೊಸಿಲು ದಾಟಿತು, ಕೆಂಪು ದೀಪ ಒಮ್ಮೆ ಬಿಸಿಲಲ್ಲಿ ಮಿನುಗಿದ್ದು ಕಂಡೂ ಕಾಣದಂತೆ — ಆದರೆ ತುಟಿ ಬಹಳ ಹೊತ್ತು ಅಲುಗಿತು, ಏನೂ ಇಲ್ಲ ನಡಿ ಅನ್ನಲು ಅಷ್ಟು ಹೊತ್ತು ಬೇಕೇ, ಇನ್ನೇನೋ ಹೇಳಿದಳು, ಏನು ಹೇಳಿದಳು, ಸುಳ್ಳು ಬಾರದವಳು ಅಲ್ಲೇ ಹೊಸಿಲಲ್ಲೇ ಏನಾದರೂ ಹೇಳಿಬಿಟ್ಟಳೇ, ಇಲ್ಲ, ಈಗಲ್ಲ, ಇಷ್ಟು ಬೇಗ ಹೇಳಲಾರಳು, ಇನ್ನೇನು ಹೇಳಿರಬಹುದು, ನಿಮ್ಮಮ್ಮ ಹೇಳ್ತಿದಾಳೆ ಅಂದಳೋ, ಅಮ್ಮನಿಗೆ ಕೈ ಬೀಸು ಅಂದಳೋ, ಬೀಸಲಿಲ್ಲವಲ್ಲ ಮಗು, ಬೀಸು ಅಂದಿರಲಿಕ್ಕಿಲ್ಲ, ಅಥವಾ ಅಂದರೂ ಬೂಟು ನೋಡುತ್ತ ಮರೆಯಿತೋ, ಚಿಕ್ಕ ಬಾಗಿಲು ಮುಚ್ಚಿತು, ಅಗುಳಿ ಬಿತ್ತು, ಹೊರಗೆ ಯಾವುದೋ ಗಾಡಿ ಚಾಲೂ ಆದ ಸದ್ದು, ಆ ಗಾಡಿಗೂ ಬಾಗಿಲಿದೆ, ಅಲ್ಲಿ ಮಗು ನಿಂತಿರುತ್ತದೆ, ಆಮೇಲೆ ಬೀದಿಯ ಗೇಟು, ಮನೆಯ ಬಾಗಿಲು, ಮಲಗುವ ಕೋಣೆಯದು, ಬಚ್ಚಲಿನದು, ಶಾಲೆಯದು, ಹೊರಗೆ ಎಷ್ಟೊಂದು ಬಾಗಿಲು, ಎಲ್ಲದರ ಮುಂದೆಯೂ ನಾದಿನಿ ಮಂಡಿಯೂರುತ್ತಾಳೆಯೇ, ಇವತ್ತು ಊರಿದಳು, ನಾಳೆ ಊರುತ್ತಾಳೆ, ಬೇಸರವಾದ ದಿನ? ಬಾಮ್ಮಾ, ಅಂದಳು ಗೇಟಿನ ಮೇಡಂ, ಎಣಿಕೆ ಹೊತ್ತಾಯ್ತು, ಒಳಗೆ ಹೋಗೋಣ, ಕೈ. ಅವಳು ಕೈ ಚಾಚಿದಳು. ಭುಜ, ಕಂಕುಳು, ಮೇಡಂ ಕೈ ಹೊಟ್ಟೆಯ ಮೇಲೆ ಹಾದು ಹೋಯಿತು, ಗೆರೆಯ ಮೇಲೆ, ಏನೂ ಇಲ್ಲ, ನಡಿ. ಕಾಲು ಏಳಲಿಲ್ಲ. ನಡಿಯಮ್ಮಾ. ಓಣಿಯ ಕೊನೆಯ ಬಾಗಿಲು ಮುಚ್ಚಿದೆ, ಮುಚ್ಚಿದ್ದರೂ ಅವಳ ಕಣ್ಣಿಗೆ ಅಲ್ಲಿ ಬಿಸಿಲು ಬಿಳಿಯಾಗಿ ಬಿದ್ದಿದೆ, ಬಿಸಿಲಲ್ಲಿ ನೀಲಿ ಬೂಟು, ಬೂಟಿನ ಮೇಲೆ ಮಗು, ಕತ್ತು ಹಿಂದಕ್ಕೆ ತಿರುಗಿದೆ, ಎರಡೂ ಕೈ ಚಾಚಿದೆ, ಎರಡೂ ಕೈ, ಚಾಚಿ